ಪಂಚಾಂಗ ನೋಡಿ ಅಘನಾಶಿನಿಗೆ ಹೊರಡಿ

ಕುಮಟಾದಿಂದ ಗೋಕರ್ಣದ ಕಡೆ ಹೋಗುವವರು ಮಿರ್ಜಾನ್ ಬರುವ ಮೊದಲೇ ಹೆದ್ದಾರಿ ಸೇತುವೆಯ ಮೇಲೆ ಅಘನಾಶಿನಿಯನ್ನು ಅರೆಗಳಿಗೆಯಲ್ಲಿ ದಾಟಿಬಿಡುತ್ತಾರೆ. ನದಿಯ ಸೊಗಸೆಲ್ಲ ಇರುವುದು ಸೇತುವೆಯ ಪಶ್ಚಿಮಕ್ಕೆ. ಶಿರಸಿಯ ಕಡೆಯಿಂದ ಒಂದು ಅಣೆಕಟ್ಟಿಗೂ ಸಿಕ್ಕದೆ ಇಳಿದು ಬಂದ ನೀರು ಅಲ್ಲಿ ಕವಲೊಡೆದು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡ ಸುತ್ತಿ, ತದಡಿಯಲ್ಲಿ ಕಡಲು ಸೇರುತ್ತದೆ. ಈ ಅಳಿವೆಗೆ ಹೊರಡುವವರು ರಜೆ ನೋಡಿ ದಿನ ಗೊತ್ತುಮಾಡಬಾರದು, ತಿಥಿ ನೋಡಬೇಕು.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತವೂ ಹೆಚ್ಚು, ಇಳಿತವೂ ಹೆಚ್ಚು. ಅಷ್ಟಮಿಯ ಹೊತ್ತಿಗೆ ಎರಡೂ ಸಪ್ಪೆ. ದೊಡ್ಡ ಇಳಿತದ ದಿನ ದೋಣಿ ತೇಲುತ್ತಿದ್ದ ಕಡೆ ಕೆಲವು ತಾಸಿನಲ್ಲೇ ಕೆಸರಿನ ದಿಬ್ಬ ಏಳುತ್ತದೆ. ಮೊಣಕಾಲುದ್ದದ ನೀರಿನಲ್ಲಿ ಹೆಂಗಸರು ಕೈಯಿಂದಲೇ ತಡಕಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಾರೆ. ಮರುದಿನ ಅದೇ ನೋಟ ಬೇಕೆಂದರೆ ಸುಮಾರು 50 ನಿಮಿಷ ತಡವಾಗಿ ಬನ್ನಿ.

ನನ್ನನ್ನು ಮತ್ತೆ ಮತ್ತೆ ಎಳೆಯುವುದು ಮಾತ್ರ ಅಳಿವೆಯ ದಂಡೆಯ ಊರಾದ ಮಾಣಿಕಟ್ಟಾ ಸುತ್ತಲಿನ ಗಜನಿ, ಅಂದರೆ ಉಪ್ಪುನೀರಿಗೆ ಒಡ್ಡು ಕಟ್ಟಿ ಮಾಡಿದ ಗದ್ದೆಗಳು. ಮಳೆನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಇಲ್ಲಿ ಕಗ್ಗ ಭತ್ತ ಬಿತ್ತುತ್ತಾರೆ. ಆಳೆತ್ತರಕ್ಕೆ ಬೆಳೆಯುವ ಈ ತಳಿ ಉಪ್ಪು, ನೆರೆ ಎರಡನ್ನೂ ತಾಳುತ್ತದೆ, ಗೊಬ್ಬರ ಕೇಳುವುದಿಲ್ಲ. ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಒಡ್ಡಿನ ಬಾಗಿಲು ತೆರೆದರೆ ಉಪ್ಪುನೀರು ನುಗ್ಗಿ, ಅದರೊಡನೆ ಸಿಗಡಿ, ಮೀನು ಒಳಬರುತ್ತವೆ. ಕೊಳೆಯುವ ಹುಲ್ಲು ಅವಕ್ಕೆ ಮೇವು. ಒಂದೇ ಗದ್ದೆಯಲ್ಲಿ ಅನ್ನವೂ ಸಾರೂ! ಇಷ್ಟು ಜಾಣ ಬೇಸಾಯ ನಮ್ಮ ನಾಡಿನಲ್ಲಿ ಇನ್ನೆಲ್ಲೂ ನನಗೆ ಕಂಡಿಲ್ಲ. ಒಡ್ಡು ಕಾಯಲು ಊರೆಲ್ಲ ಕೂಡಬೇಕು. ಆ ಕೂಡುವಿಕೆ ಸಡಿಲವಾದ ಕಡೆ ಗದ್ದೆಗಳು ಪಾಳುಬಿದ್ದಿವೆ, ಬರೀ ಸಿಗಡಿ ಕೆರೆಗಳಾಗಿವೆ. ನನಗೆ ಅದು ದೊಡ್ಡ ಸಂಕಟ.

2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಅದಕ್ಕೂ ಮೊದಲು ತದಡಿಗೆ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಾಗ ವಿರೋಧಿಸಿ ನಿಂತ ಕರಾವಳಿಯ ಜನರನ್ನು ಇಲ್ಲಿ ನೆನೆಯಲೇಬೇಕು.

ಅಲೆಪ್ಪಿಯ ಹಾಗೆ ಹೌಸ್‌ಬೋಟ್ ಹುಡುಕಬೇಡಿ. ತದಡಿಯಿಂದ ಅಘನಾಶಿನಿ ಊರಿಗೆ ಜನರನ್ನು ದಾಟಿಸುವ ದೋಣಿ ಹತ್ತಿ. ಬಂದರಿನ ಮೀನುದೋಣಿಗಳು, ಅಳಿವೆಯ ಬಾಯಿ ಎರಡೂ ಕಾಣುತ್ತವೆ. ಒಮ್ಮೆಯಷ್ಟೇ ಹೋಗುವುದಾದರೆ ಕಗ್ಗದ ಕೊಯ್ಲು ಮುಗಿದು ಗಜನಿಗೆ ನೀರು ಬಿಡುವ ಹೊತ್ತನ್ನು ಊರವರಲ್ಲೇ ವಿಚಾರಿಸಿ ಹೊರಡಿ, ಎರಡು ದಿನವಾದರೂ ಉಳಿಯಿರಿ.