ತೂಬಿನ ಹಲಗೆ ಎತ್ತೋರು ಯಾರು?

'ರೆಸಿಲಿಯನ್ಸ್' ಅನ್ನೋ ಪದ ಈಗ ಎಲ್ಲ ಕಡೆ ಓಡಾಡ್ತಿದೆ. ಸರ್ಕಾರದ ಯೋಜನೆಯ ಹೆಸರಲ್ಲಿ, ಸ್ಟಾರ್ಟಪ್‌ಗಳ ಪಿಚ್‌ನಲ್ಲಿ, ಕಂಪನಿಗಳ ಸಿಎಸ್‌ಆರ್ ವರದಿಯಲ್ಲಿ. ಕನ್ನಡದಲ್ಲಿ ಕೆಲವರು ತಾಳಿಕೆ ಅಂತಾರೆ, ಕೆಲವರು ಚೇತರಿಕೆ ಅಂತಾರೆ. ಪೆಟ್ಟು ತಡ್ಕೊಳ್ಳೋದು ತಾಳಿಕೆ, ಪೆಟ್ಟು ಬಿದ್ದ ಮೇಲೆ ಎದ್ದು ನಿಲ್ಲೋದು ಚೇತರಿಕೆ. ಎರಡೂ ಸೇರಿದರೆ ಅರ್ಥ ಹತ್ತಿರ ಬರುತ್ತೆ. ನನ್ನ ತಕರಾರು ಪದದ ಮೇಲಲ್ಲ. ಕರಾವಳಿಯ ಊರುಗಳ ವಿಷಯದಲ್ಲಿ ಈ ಪದ ಬಂದಾಗಲೆಲ್ಲ ಅದರ ಬೆನ್ನಿಗೆ ಒಂದು ವಸ್ತು ಬರುತ್ತಲ್ಲ, ಅದರ ಮೇಲೆ. ಒಂದು ಆ್ಯಪ್, ಒಂದು ಗೋಡೆ, ಒಂದು ಐಸ್ ಪ್ಲಾಂಟ್, ಒಂದು ಡ್ಯಾಶ್‌ಬೋರ್ಡ್. ಉದ್ಘಾಟನೆ ಆಗುತ್ತೆ, ಫೋಟೊ ಬರುತ್ತೆ. ಮೂರನೇ ವರ್ಷ ಅದನ್ನು ನೋಡಿಕೊಳ್ಳೋರು ಯಾರು ಅನ್ನೋ ಪ್ರಶ್ನೆಗೆ ಮಾತ್ರ ಸ್ಲೈಡ್‌ನಲ್ಲಿ ಜಾಗ ಇರಲ್ಲ.

ಕೈಗೆ ಸಿಗೋ ಉದಾಹರಣೆಯಿಂದಲೇ ಶುರು ಮಾಡೋಣ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಬಂದಿದ್ದು 2020ರಲ್ಲಿ. ಅದರಡಿ ದೇಶದ 100 ಕರಾವಳಿ ಊರುಗಳನ್ನು ಆರಿಸಿ, ಹವಾಮಾನದ ಏಟು ತಾಳಬಲ್ಲ ಮೀನುಗಾರರ ಗ್ರಾಮಗಳಾಗಿ ಮಾಡೋದು ಕೇಂದ್ರದ ಕಾರ್ಯಕ್ರಮ. ಊರಿಗೆ 2 ಕೋಟಿ ರೂಪಾಯಿ. ಏನೇನು ಮಾಡಬಹುದು ಅನ್ನೋ ಪಟ್ಟಿ ನೋಡಿ: ಮೀನು ಒಣಗಿಸುವ ಅಂಗಳ, ಮಾರುಕಟ್ಟೆ, ಜೆಟ್ಟಿ, ಐಸ್ ಪ್ಲಾಂಟ್, ಶೀತಲಗೃಹ, ತುರ್ತು ರಕ್ಷಣೆಯ ಸೌಲಭ್ಯ, ಕಡಲಕಳೆ ಬೆಳೆಸೋದು, ಸಮುದ್ರದಲ್ಲಿ ಕೃತಕ ದಿಬ್ಬ. ಇದರಲ್ಲಿ ಬೇಡವಾದ್ದು ಒಂದೂ ಇಲ್ಲ. ಮಣ್ಣಿನ ಮೇಲೆ ಮೀನು ಒಣಗಿಸೋ ಹೆಂಗಸಿಗೆ ಒಳ್ಳೇ ಅಂಗಳ ಸಿಕ್ಕರೆ ಅದು ನಿಜವಾದ ಲಾಭ. ಆದರೆ ಈ ಪಟ್ಟಿಯಲ್ಲಿರೋದು ಬಹುಪಾಲು ನಾಮಪದಗಳು. ಐಸ್ ಪ್ಲಾಂಟಿನ ಕಂಪ್ರೆಸರ್ ಕೆಟ್ಟಾಗ ದುಡ್ಡು ಯಾರ ಖಾತೆಯಿಂದ ಬರುತ್ತೆ? ಜೆಟ್ಟಿಯಲ್ಲಿ ಮೊದಲು ಯಾರ ದೋಣಿ ನಿಲ್ಲಬೇಕು ಅಂತ ಯಾರು ತೀರ್ಮಾನಿಸ್ತಾರೆ? ಊರು ಏಟು ತಡೆಯುತ್ತೋ ಇಲ್ಲವೋ ಅನ್ನೋದು ಈ ಕ್ರಿಯಾಪದಗಳ ಮೇಲೆ ನಿಂತಿದೆ.

ಹೀಗೆ ಹೇಳೋಕೆ ನನಗೆ ಧೈರ್ಯ ಕೊಟ್ಟಿದ್ದು ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಶಿರಸಿಯ ಶಂಕರಹೊಂಡದ ಹತ್ತಿರ ಹುಟ್ಟಿ, ಅಣೆಕಟ್ಟಿಲ್ಲದೆ ಸುಮಾರು 120 ಕಿಲೋಮೀಟರ್ ಹರಿದು, ಕುಮಟಾ ತಾಲೂಕಿನಲ್ಲಿ ಕಡಲು ಸೇರೋ ನದಿ ಅಘನಾಶಿನಿ. ಅದರ ಅಳಿವೆಯಲ್ಲಿ ಉಬ್ಬರದ ಉಪ್ಪುನೀರು ಒಳನಾಡಿನವರೆಗೂ ಬರುತ್ತೆ. ಅಲ್ಲಿ ಒಡ್ಡು ಕಟ್ಟಿ ಮಾಡಿದ ಗದ್ದೆಗಳೇ ಗಜನಿ. ಮಳೆಗಾಲದಲ್ಲಿ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆಯುತ್ತೆ, ಆಗ ಕಗ್ಗ ಅನ್ನೋ ಭತ್ತ ಬಿತ್ತುತ್ತಾರೆ. ಎತ್ತರಕ್ಕೆ ಬೆಳೆಯೋ ಭತ್ತ, ಕೆಂಪಕ್ಕಿ. ಉಪ್ಪು ತಡೆಯುತ್ತೆ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಸಾಯಲ್ಲ. ರಾಸಾಯನಿಕ ಗೊಬ್ಬರ, ಔಷಧಿ ಬೇಡ. ಕೊಯ್ಲಾದ ಮೇಲೆ ತೂಬಿನ ಹಲಗೆ ಎತ್ತಿ ಉಬ್ಬರದ ನೀರನ್ನು ಒಳಗೆ ಬಿಡ್ತಾರೆ. ನೀರಿನ ಜೊತೆ ಸಿಗಡಿ ಮರಿ, ಮೀನಿನ ಮರಿ ಬಂದು, ಕೊಳೆಯೋ ಕೂಳೆಯ ನಡುವೆ ಮೇದು ಬೆಳೆಯುತ್ತವೆ. ಮೀನಿನ ಹಿಕ್ಕೆ, ಕೊಳೆತ ಕೂಳೆ ಮುಂದಿನ ಭತ್ತಕ್ಕೆ ಗೊಬ್ಬರ. ಒಂದೇ ನೆಲ, ಎರಡು ಫಸಲು, ಕೊಂಡು ತರೋದು ಹೆಚ್ಚುಕಡಿಮೆ ಏನೂ ಇಲ್ಲ. ಕೇರಳದ ಪೊಕ್ಕಾಳಿ, ಗೋವಾದ ಖಾಜಾನ್ ಗದ್ದೆಗಳೂ ಇದರ ಅಕ್ಕತಂಗಿಯರೇ.

ಸಮುದ್ರಮಟ್ಟ ಏರ್ತಿದೆ, ಉಪ್ಪು ಒಳಗೆ ಬರ್ತಿದೆ ಅಂತ ನಾವು ಈಗ ಹುಡುಕ್ತಿರೋ ಉತ್ತರ ಇಲ್ಲಿ ಎಷ್ಟೋ ತಲೆಮಾರಿನಿಂದ ಇತ್ತು. ಹಾಗಾದರೆ ಕಗ್ಗ ಬೆಳೆಯೋ ಜಾಗ ಇಷ್ಟು ಕಮ್ಮಿ ಆಗಿದ್ದೇಕೆ? ಮಾಣಿಕಟ್ಟಾದಂಥ ಕೆಲವು ಊರಿನ ರೈತರು ಒಟ್ಟು ಸೇರಿ ಬಿತ್ತನೆ ಉಳಿಸಿಕೊಂಡಿದ್ದಾರೆ, ಉಳಿದ ಕಡೆ ಬಹಳಷ್ಟು ಗಜನಿ ಪಾಳು. ಭತ್ತದ ತಳಿಯಲ್ಲಿ ದೋಷ ಇಲ್ಲ, ರೈತನಿಗೆ ತಿಳಿವಳಿಕೆ ಕಮ್ಮಿ ಅನ್ನೋದೂ ಅಲ್ಲ. ತೂಬಿನ ಹಲಗೆ ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಅನ್ನೋ ತೀರ್ಮಾನ ಕೈ ಬದಲಾಯಿಸಿದ್ದೇ ಕಾರಣ ಅನ್ನೋದು ನನ್ನ ವಾದ.

ಮೂರು ಘಟ್ಟದಲ್ಲಿ ಇದು ನಡೀತು.

ಮೊದಲನೆಯದು, ಒಡ್ಡು. ಊರವರು ಸೇರಿ ವರ್ಷ ವರ್ಷ ಮಣ್ಣು ಹಾಕಿ ರಿಪೇರಿ ಮಾಡ್ತಿದ್ದ ಒಡ್ಡಿನ ಜಾಗದಲ್ಲಿ 1970ರ ದಶಕದಲ್ಲಿ ಸರ್ಕಾರ ಗಟ್ಟಿ ಕಲ್ಲಿನ ಒಡ್ಡು ಕಟ್ಟಿತು. ಉದ್ದೇಶ ಒಳ್ಳೆಯದೇ. ಮಣ್ಣಿನ ಒಡ್ಡು ಒಡೆದರೆ ಇಡೀ ವರ್ಷದ ಅನ್ನ ಹೋಗ್ತಿತ್ತು. ಆದರೆ ಒಡ್ಡು ಸರ್ಕಾರದ್ದಾದ ಮೇಲೆ ರಿಪೇರಿ ಅನ್ನೋದು ಅರ್ಜಿ ಆಯ್ತು. ಊರಿನ ಕೆಲಸ ಟೆಂಡರ್ ಆಯ್ತು. ಮಣ್ಣಿನ ಒಡ್ಡಿಗೆ ಆಸರೆಯಾಗಿದ್ದ ಕಾಂಡ್ಲಾ ಗಿಡಗಳನ್ನು ಕಾಯೋ ಕಾರಣವೂ ಕಮ್ಮಿ ಆಯ್ತು.

ಎರಡನೆಯದು, ಭೂಸುಧಾರಣೆ. ಇಲ್ಲಿ ನಾನು ಹುಷಾರಾಗಿ ಹೇಳಬೇಕು. ಯಾಕಂದ್ರೆ ನಗರದಲ್ಲಿ ಕೂತು 'ಹಿಂದಿನವರ ಜಾಣ್ಮೆ' ಅಂತ ಹಾಡಿ ಹೊಗಳೋದು ಸುಲಭ. ಆ ಹಿಂದಿನ ಕಾಲದಲ್ಲಿ ಒಡ್ಡಿಗೆ ಮಣ್ಣು ಹೊತ್ತೋನು ಗೇಣಿದಾರ, ಫಸಲಿನ ಲೆಕ್ಕ ಬರೆದೋನು ಒಡೆಯ. ಉತ್ತರ ಕನ್ನಡದಲ್ಲಿ ಗೇಣಿದಾರರ ಪರ ಹೋರಾಟ ಕಟ್ಟಿದವರು, ಚುಟುಕಗಳಿಂದ ನಮಗೆಲ್ಲ ಪರಿಚಯ ಇರೋ ದಿನಕರ ದೇಸಾಯಿ. 1974ರ ತಿದ್ದುಪಡಿ ಕಾಯ್ದೆಯಿಂದ ಉಳುವವನಿಗೆ ಭೂಮಿ ಬಂತು. ಅದು ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾನೂನು ಗದ್ದೆಯನ್ನು ಹಂಚಿತು. ಒಡ್ಡು, ತೂಬು, ನೀರಿನ ವೇಳಾಪಟ್ಟಿ ಹಂಚೋಕೆ ಬರೋ ವಸ್ತುಗಳಲ್ಲ. ಅವನ್ನು ಒಟ್ಟಾಗಿ ನೋಡಿಕೊಳ್ಳೋಕೆ ಹೊಸ ಒಡೆಯರಿಗೆ ಒಂದು ಗಟ್ಟಿ ಸಂಸ್ಥೆ ಬೇಕಿತ್ತು. ಅದು ಸಿಗಲಿಲ್ಲ. ಗೋವಾದಲ್ಲಿ ಇದೇ ಕೊರತೆ ತುಂಬೋಕೆ ಗೇಣಿದಾರರ ಸಂಘಗಳಿಗೆ 1975ರಲ್ಲಿ ನಿಯಮ ಮಾಡಿದರು. ಒಡ್ಡಿನ ಜವಾಬ್ದಾರಿ ಆ ಸಂಘಗಳಿಗೆ ಬಂತು. ಅಲ್ಲಿ ತೂಬಿನ ಮೀನಿನ ಹಕ್ಕು ಹರಾಜಾಗುತ್ತೆ. ಹರಾಜು ಹಿಡಿದೋನು ಹೆಚ್ಚು ಮೀನಿನ ಆಸೆಗೆ ನೀರನ್ನು ಬೇಕಾಬಿಟ್ಟಿ ಬಿಡ್ತಾನೆ, ಒಡ್ಡು ಹಾಳಾಗುತ್ತೆ ಅನ್ನೋ ದೂರು ಇವತ್ತಿಗೂ ಇದೆ. ಅಂದರೆ ಸಂಘ ಇದ್ದರಷ್ಟೇ ಸಾಲದು, ಅದರ ಲೆಕ್ಕ ಕೇಳೋರೂ ಇರಬೇಕು.

ಮೂರನೆಯದು, ಸಿಗಡಿ. 1990ರ ದಶಕದ ಹೊತ್ತಿಗೆ ಸಿಗಡಿ ರಫ್ತಿನ ಹುಚ್ಚು ನಮ್ಮ ಕರಾವಳಿಗೂ ಬಂತು. ಎರಡು ಫಸಲಿನ ಗದ್ದೆ ವರ್ಷವಿಡೀ ಸಿಗಡಿಯ ಕೆರೆ ಆಯ್ತು. ಅದೇ ದಶಕದ ನಡುವೆ ಬಿಳಿಚುಕ್ಕೆ ವೈರಸ್ ರೋಗ ಬಂದು ಕೆರೆಗಳನ್ನು ಖಾಲಿ ಮಾಡ್ತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಜಗನ್ನಾಥನ್ ಅವರು ಹಾಕಿದ್ದ ಪ್ರಕರಣದಲ್ಲಿ, ಕರಾವಳಿ ನಿಯಂತ್ರಣ ವಲಯದೊಳಗೆ ಸಾಂಪ್ರದಾಯಿಕವಲ್ಲದ ಸಿಗಡಿ ಕೃಷಿಗೆ ತಡೆ ಹಾಕಿತು. 2005ರಲ್ಲಿ ಸಂಸತ್ತು ಬೇರೆ ಕಾಯ್ದೆ ತಂದು, ಒಂದು ಪ್ರಾಧಿಕಾರ ಮಾಡಿ, ಪರವಾನಗಿ ವ್ಯವಸ್ಥೆಯಡಿ ಇದಕ್ಕೆ ಮತ್ತೆ ದಾರಿ ಮಾಡಿಕೊಟ್ಟಿತು. ಈ ಮೇಲಾಟ ನಡೀತಿರೋವಾಗ ಗಜನಿಯಲ್ಲಿ ಏನಾಯ್ತು ನೋಡಿ. ಭತ್ತ ಬೆಳೆಯೋನಿಗೆ ಮಳೆಗಾಲಕ್ಕೆ ಮುಂಚೆ ಉಪ್ಪುನೀರು ಹೊರಗೆ ಹೋಗಬೇಕು. ಸಿಗಡಿ ಗುತ್ತಿಗೆದಾರನಿಗೆ ನೀರು ಒಳಗೇ ಇರಬೇಕು. ತೂಬು ಇರೋದು ಒಂದೇ. ನೂರು ಜನರ ಗದ್ದೆಯಲ್ಲಿ ಅರ್ಧ ಜನ ಗುತ್ತಿಗೆಗೆ ಕೊಟ್ಟರೆ ಉಳಿದ ಅರ್ಧ ಜನ ಬಿತ್ತೋಕೇ ಆಗಲ್ಲ. ಇಲ್ಲಿ 'ನನ್ನ ಗದ್ದೆ, ನನ್ನ ಇಷ್ಟ' ನಡೆಯಲ್ಲ. ತಾಳಿಕೆ ಅನ್ನೋದು ಒಬ್ಬೊಬ್ಬರದ್ದಲ್ಲ, ಇಡೀ ಬಯಲಿನದ್ದು.

ಇದನ್ನು ಶಾಸ್ತ್ರ ಮಾಡಿ ಹೇಳಿದವರು ಎಲಿನಾರ್ ಆಸ್ಟ್ರಮ್. 1990ರಲ್ಲಿ ಪುಸ್ತಕ ಬರೆದರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ವಿಭಾಗದಲ್ಲಿ ಮೊದಲ ಮಹಿಳೆ. ಎಲ್ಲರಿಗೂ ಸೇರಿದ ನೀರು, ಕಾಡು, ಮೀನನ್ನು ಒಂದೋ ಸರ್ಕಾರ ಕಾಯಬೇಕು, ಇಲ್ಲಾ ಖಾಸಗಿಯವರಿಗೆ ಕೊಡಬೇಕು ಅನ್ನೋ ನಂಬಿಕೆಯನ್ನು ಅವರು ಒಪ್ಪಲಿಲ್ಲ. ಬಳಸೋರೇ ನಿಯಮ ಮಾಡಿದ, ತಾವೇ ಕಾವಲು ಕಾದ, ತಪ್ಪಿದವರಿಗೆ ಹಂತಹಂತವಾಗಿ ದಂಡ ಹಾಕಿದ, ಜಗಳವನ್ನು ಕಡಿಮೆ ಖರ್ಚಿನಲ್ಲಿ ಊರಲ್ಲೇ ಬಗೆಹರಿಸಿಕೊಂಡ ಕಡೆ ಬಹಳ ಕಾಲ ಬಾಳಿದ ವ್ಯವಸ್ಥೆಗಳಿವೆ ಅಂತ ತೋರಿಸಿದರು. ಇದರ ಜೊತೆಗೆ ಒಂದು ಷರತ್ತೂ ಇದೆ: ಹಾಗೆ ಸಂಘಟಿತರಾಗೋ ಅವರ ಹಕ್ಕನ್ನು ಸರ್ಕಾರ ಮಾನ್ಯ ಮಾಡಬೇಕು. ನಮ್ಮ 'ಇನ್ನೊವೇಶನ್' ಮಾತುಗಳಲ್ಲಿ ಬಿಟ್ಟುಹೋಗಿರೋದು ಈ ಷರತ್ತೇ.

ಹಾಗಂತ ತಂತ್ರಜ್ಞಾನ ಬೇಡ ಅಂತಲ್ಲ. ನಾನೂ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯೋನು. 2017ರ ನವೆಂಬರ್ ಕೊನೆಯಲ್ಲಿ ಒಖಿ ಚಂಡಮಾರುತ ಬಂದಾಗ ಕನ್ಯಾಕುಮಾರಿ, ತಿರುವನಂತಪುರದ ಮೀನುಗಾರರು ಆಗಲೇ ಆಳ ಸಮುದ್ರದಲ್ಲಿದ್ದರು. ಮೊಬೈಲ್ ಸಿಗ್ನಲ್ ಸಿಗೋ ದೂರ ದಾಟಿದವರಿಗೆ ಎಚ್ಚರಿಕೆ ಮುಟ್ಟಲೇ ಇಲ್ಲ. ಸತ್ತವರು, ಕಾಣೆಯಾದವರು ಸೇರಿ ನೂರಾರು ಜನ. ಈಗ 1 ಲಕ್ಷ ದೋಣಿಗಳಿಗೆ ಉಪಗ್ರಹದ ಮೂಲಕ ಎರಡೂ ಕಡೆ ಸಂದೇಶ ಕಳಿಸಬಲ್ಲ, ಇಸ್ರೊ ರೂಪಿಸಿದ ಟ್ರಾನ್ಸ್‌ಪಾಂಡರ್ ಹಾಕೋ ಕೆಲಸ 2024ರಲ್ಲಿ ಶುರುವಾಯ್ತು. ಇದು ನಿಜವಾಗಿ ಜೀವ ಉಳಿಸೋ ಹೊಸತನ. ಅದಕ್ಕೆ ನನ್ನ ಪೂರ್ತಿ ಚಪ್ಪಾಳೆ.

ಆದರೂ ಒಡಿಶಾ ನೋಡಿ. 1999ರ ಸೂಪರ್ ಸೈಕ್ಲೋನ್‌ನಲ್ಲಿ ಸುಮಾರು 10,000 ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಹತ್ತಿರ ಹತ್ತಿರ 10 ಲಕ್ಷ ಜನರನ್ನು ಮೊದಲೇ ಸ್ಥಳಾಂತರ ಮಾಡಿದರು, ಸಾವು ನೂರರೊಳಗೇ ನಿಂತಿತು. ಈ ನಡುವೆ ಉಪಗ್ರಹಗಳು ಸುಧಾರಿಸಿದ್ದು ಹೌದು. ಅದರ ಜೊತೆಗೆ ವಿಪತ್ತು ನಿರ್ವಹಣೆಗೇ ಅಂತ ಒಂದು ರಾಜ್ಯ ಪ್ರಾಧಿಕಾರ ಬಂತು. ಚಂಡಮಾರುತದ ಆಶ್ರಯ ಕಟ್ಟಡಗಳು ಬಂದವು. ಅವುಗಳಲ್ಲಿ ಎಷ್ಟೋ ಉಳಿದ ದಿನ ಶಾಲೆಗಳು, ಹಾಗಾಗಿ ಬೀಗ ಹಾಕಿ ಹಾಳಾಗಲಿಲ್ಲ. ಅವನ್ನು ನೋಡಿಕೊಳ್ಳೋಕೆ ಊರಿನ ಸಮಿತಿ, ತರಬೇತಿ ಪಡೆದ ಸ್ವಯಂಸೇವಕರು, ವರ್ಷ ವರ್ಷ ಅಣಕು ಕವಾಯತು. ಯಾವ ಮುದುಕಿಯನ್ನು ಯಾರು ಎತ್ತಿಕೊಂಡು ಹೋಗಬೇಕು ಅಂತ ಊರಿಗೆ ಮೊದಲೇ ಗೊತ್ತಿದ್ದರೆ ಮಾತ್ರ ಉಪಗ್ರಹದ ಎಚ್ಚರಿಕೆಗೆ ಬೆಲೆ.

ನಮ್ಮ ಆಫೀಸುಗಳಲ್ಲಿ ಇದು ನಮಗೆ ಚೆನ್ನಾಗಿ ಗೊತ್ತಿರೋ ವಿಷಯ. ಒಂದು ಸಣ್ಣ ಸರ್ವಿಸ್ ಪ್ರೊಡಕ್ಷನ್‌ಗೆ ಹೋಗಬೇಕಾದ್ರೂ ಓನರ್ ಯಾರು, ಆನ್‌ಕಾಲ್ ಯಾರು, ರಾತ್ರಿ ಎರಡಕ್ಕೆ ಬಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಕೇಳ್ತೀವಿ. ಉತ್ತರ ಇಲ್ಲದಿದ್ದರೆ ಲಾಂಚ್ ಮಾಡೋಕೆ ಬಿಡಲ್ಲ. ಅದೇ ನಾವು ವಾರಾಂತ್ಯದ ಹ್ಯಾಕಥಾನ್‌ನಲ್ಲಿ ಮೀನುಗಾರರ ಊರಿಗೆ ಆ್ಯಪ್ ಮಾಡುವಾಗ ಈ ಪ್ರಶ್ನೆ ಕೇಳೋದೇ ಇಲ್ಲ. ಊರು ಅಂದ್ರೆ ನಮಗೆ ಯಾವಾಗಲೂ ಪೈಲಟ್. ಪೈಲಟ್ ಮುಗಿದ ಮೇಲೆ ನಾವು ಬೇರೆ ಊರಿಗೆ, ಬೇರೆ ಐಡಿಯಾಗೆ ಹೋಗಿರ್ತೀವಿ.

ಆಡಳಿತದಲ್ಲೂ ಜನರಿಗೆ ಜಾಗ ಇಲ್ಲ ಅಂತಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. 2011ರ ಸಿಆರ್‌ಝಡ್ ಅಧಿಸೂಚನೆ, ಜಿಲ್ಲಾ ಮಟ್ಟದ ಸಮಿತಿಯಲ್ಲಿ ಮೀನುಗಾರರೂ ಸೇರಿ ಸ್ಥಳೀಯ ಸಮುದಾಯದ ಕನಿಷ್ಠ 3 ಪ್ರತಿನಿಧಿಗಳಿರಬೇಕು ಅಂದಿತು. ಕುರ್ಚಿ ಇದೆ. ಆದರೆ ಆ ಕುರ್ಚಿಯಲ್ಲಿ ಕೂತವರ ಕೈಯಲ್ಲಿ ಬಜೆಟ್ ಇಲ್ಲ, ತೂಬಿನ ಬೀಗದ ಕೈ ಇಲ್ಲ. ಅಭಿಪ್ರಾಯ ಕೇಳೋದು ಬೇರೆ, ಅಧಿಕಾರ ಕೊಡೋದು ಬೇರೆ.

ಇದೇ ಅಳಿವೆಯ ತದಡಿಗೆ 2000ರ ದಶಕದಲ್ಲಿ 4,000 ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಿತ್ತು. ವಿರೋಧದ ನಡುವೆ ಅದು ಕೈಬಿಟ್ಟುಹೋಯ್ತು, ಆಮೇಲೆ ಬಂದರಿನ ಮಾತು ಬಂತು. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿ ಸೇರಿತು. ಇಳಿತದಲ್ಲಿ ಮೊಣಕಾಲುದ್ದ ಕೆಸರಲ್ಲಿ ನಿಂತು ಬಳಚು ಹೆಕ್ಕೋ ಹೆಂಗಸಿನ ದುಡಿಮೆಗೆ ಈಗ ಅಂತರರಾಷ್ಟ್ರೀಯ ಹೆಸರಿನ ಜಾಗ ಸಿಕ್ಕಿದೆ. ಸಂತೋಷ. ಆದರೆ ರಾಮ್ಸಾರ್ ಫಲಕ ಇನ್ನೊಂದು ಕಲ್ಲಿನ ಒಡ್ಡಾಗಬಾರದು. ಅಳಿವೆಯನ್ನು ಕಾಯೋ ಯೋಜನೆ ರಾಜಧಾನಿಯಲ್ಲಿ ತಯಾರಾಗಿ, ಆ ಹೆಂಗಸು ಅದರಲ್ಲಿ 'ಫಲಾನುಭವಿ' ಅನ್ನೋ ಕಾಲಂ ಆದರೆ, ಹೆಸರು ಉಳಿಯುತ್ತೆ, ಬಳಚು ಉಳಿಯಲ್ಲ.

ಏನು ಮಾಡಬಹುದು? ದೊಡ್ಡ ಕ್ರಾಂತಿ ಏನೂ ಬೇಡ. ಊರಿಗೆ ಬರೋ 2 ಕೋಟಿಯಲ್ಲಿ ಒಂದು ಪಾಲನ್ನು ರಿಪೇರಿಗೆ ಅಂತಲೇ ಊರಿನ ಖಾತೆಯಲ್ಲಿ ಕಟ್ಟಿಡಲಿ. ಗಜನಿ ಬಯಲಿಗೆ ಒಂದೊಂದು ರೈತ ಸಮಿತಿ ಮಾಡಿ, ತೂಬು ತೆರೆಯೋ ಮುಚ್ಚೋ ದಿನ ಗೊತ್ತು ಮಾಡೋ ಅಧಿಕಾರವನ್ನು ಕಾನೂನಿನಲ್ಲೇ ಅದಕ್ಕೆ ಕೊಡಲಿ. ಗುತ್ತಿಗೆದಾರ ಆ ದಿನ ಮೀರಿದರೆ ದಂಡ ಹಾಕೋ ಅಧಿಕಾರವೂ ಅದಕ್ಕಿರಲಿ. ಅಳಿವೆಯಲ್ಲಿ ಮೀನು ಹಿಡಿಯೋರು, ಬಳಚು ಹೆಕ್ಕೋರು ಸಮಿತಿಯೊಳಗೇ ಇರಲಿ. ಜಮೀನಿನ ಪಹಣಿಯಲ್ಲಿ ಅವರ ಹೆಸರಿರಲ್ಲ, ಆದರೆ ನೀರು ಕೆಟ್ಟರೆ ಮೊದಲು ಉಪವಾಸ ಬೀಳೋದು ಅವರೇ. ಸಮಿತಿಯ ಲೆಕ್ಕ ಗ್ರಾಮಸಭೆಯಲ್ಲಿ ಓದಲಿ. ಇದಾದ ಮೇಲೆ ನಾವು ಮಾಡೋ ಉಪ್ಪಿನಂಶದ ಸೆನ್ಸರ್, ಉಬ್ಬರದ ಆ್ಯಪ್ ನಿಜಕ್ಕೂ ಉಪಯೋಗಕ್ಕೆ ಬರುತ್ತೆ, ಯಾಕಂದ್ರೆ ಆ ಅಂಕಿ ನೋಡಿ ತೀರ್ಮಾನ ತಗೊಳ್ಳೋ ಜನ ಅಲ್ಲಿರ್ತಾರೆ.

ಮುಂದಿನ ಸಲ ನಿಮ್ಮ ಕಂಪನಿಯ ಸಿಎಸ್‌ಆರ್ ತಂಡ ಕರಾವಳಿಯ ಯಾವುದೋ ಊರಿನ ಚಂದದ ವಿಡಿಯೊ ಕಳಿಸಿದಾಗ ಲೈಕ್ ಒತ್ತೋ ಮುಂಚೆ ಮೂರು ಪ್ರಶ್ನೆ ಕೇಳಿ. ಇದು ಕೆಟ್ಟರೆ ಸರಿಮಾಡೋರು ಯಾರು? ಅದಕ್ಕೆ ದುಡ್ಡು ಎಲ್ಲಿಂದ? ಇದು ಬೇಡ ಅಂತ ಹೇಳೋ ಹಕ್ಕು ಊರಿಗೆ ಇದೆಯಾ? ಮೂರಕ್ಕೂ ಉತ್ತರ ಬಂದರೆ ಲೈಕ್ ಮಾತ್ರ ಯಾಕೆ, ನಿಮ್ಮ ಎರಡು ಶನಿವಾರವನ್ನೂ ಕೊಡಿ.