ದೊಡ್ಡಗದ್ದವಳ್ಳಿಯ ನಾಲ್ಕು ಶಿಖರಗಳು

ಹೊಯ್ಸಳ ವಾಸ್ತುವೆಂದೊಡನೆ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೆಸರನ್ನು ಜಪದಂತೆ ಉಚ್ಚರಿಸುವ ನಮ್ಮ ವಿಮರ್ಶಕರು, ಹಾಸನದಿಂದ ಬೇಲೂರಿಗೆ ಹೋಗುವ ದಾರಿಯ ಸಮೀಪದಲ್ಲಿಯೇ ಇರುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯ ಗುಡಿಯನ್ನು, ಮುಂದೆ ಬರಲಿರುವ ವೈಭವಕ್ಕೆ ಪೀಠಿಕೆಯೆಂದು ಕರೆದು ಒಂದೆರಡು ವಾಕ್ಯಗಳಲ್ಲಿ ಬೀಳ್ಕೊಡುತ್ತಾರೆ. ಇದು ಅನ್ಯಾಯ. ಈ ಹಳ್ಳಿಯ ಗುಡಿ ತನ್ನಷ್ಟಕ್ಕೆ ತಾನೇ ಪರಿಪೂರ್ಣವಾದ ಕೃತಿ.

ವಿಷ್ಣುವರ್ಧನನ ಆಳ್ವಿಕೆಯಲ್ಲಿ, 1114ರ ಸುಮಾರಿನಲ್ಲಿ, ಕುಲ್ಲಹಣ ರಾಹುತನೆಂಬ ವರ್ತಕನೂ ಆತನ ಪತ್ನಿ ಸಹಜಾದೇವಿಯೂ ಇದನ್ನು ಕಟ್ಟಿಸಿದರು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಮೂರು ನಾಲ್ಕು ವರ್ಷಗಳ ಅವಧಿಯಲ್ಲಿ ಒಂದು ಶೈಲಿ ಶೈಶವವನ್ನು ದಾಟಿ ಪ್ರೌಢಿಮೆಗೇರಿತೆಂದು ನಂಬುವುದು ಹೇಗೆ? ಇವೆರಡೂ ಒಂದೇ ಕಾಲದ ಕೃತಿಗಳು. ಇವುಗಳ ನಡುವಣ ಅಂತರ ವಯಸ್ಸಿನದಲ್ಲ, ಸಂಕಲ್ಪದ್ದು.

ಈ ಸಂಕಲ್ಪವನ್ನು ಕಾಣಬೇಕಾದರೆ ಶಿಖರಗಳನ್ನು ನೋಡಬೇಕು. ಒಂದೇ ಕಟ್ಟಡದಲ್ಲಿ ಕೂಡಿಕೊಂಡ ನಾಲ್ಕು ಗರ್ಭಗುಡಿಗಳಲ್ಲಿ ಮೂರರ ಮೇಲಿರುವುದು ಕದಂಬ ರೀತಿಯ ಸೋಪಾನಶಿಖರ: ಅಡ್ಡಪಟ್ಟಿಗಳು ಒಂದರ ಮೇಲೊಂದು ಕಿರಿದಾಗುತ್ತ ಏರುತ್ತವೆ, ಪ್ರತಿಯೊಂದು ಅಂಚಿನ ಕೆಳಗೂ ನೆರಳಿನ ಗೆರೆಯೊಂದು ನಿಲ್ಲುತ್ತದೆ, ದೃಷ್ಟಿ ಎಲ್ಲಿಯೂ ತಡೆಯದೆ ಮೆಟ್ಟಿಲು ಮೆಟ್ಟಿಲಾಗಿ ಕಲಶವನ್ನು ಮುಟ್ಟುತ್ತದೆ. ನಾಲ್ಕನೆಯದು, ಲಕ್ಷ್ಮಿಯ ಗರ್ಭಗುಡಿಯ ಮೇಲಿನದು, ಅಡಿಯಿಂದ ಮುಡಿಯವರೆಗೂ ಅಲಂಕೃತವಾದದ್ದು. ಹೀಗಿರುವಲ್ಲಿ, ಈ ರೂವಾರಿಗಳಿಗೆ ಅಲಂಕರಣವಿದ್ಯೆ ಇನ್ನೂ ಕರಗತವಾಗಿರಲಿಲ್ಲವೆಂಬ ವಾದಕ್ಕೆ ಯಾವ ಆಧಾರ ಉಳಿಯಿತು? ಆ ವಿದ್ಯೆಯನ್ನು ಬಲ್ಲವರು, ಬಲ್ಲೆವೆಂಬುದನ್ನು ಅಧಿದೇವತೆಯ ನೆತ್ತಿಯ ಮೇಲೆ ತೋರಿಸಿ, ಉಳಿದ ಮೂರೆಡೆ ಉಳಿಯನ್ನು ತಡೆಹಿಡಿದರು. ನಾಲ್ಕೂ ಅಲಂಕೃತವಾಗಿದ್ದರೆ ಲಕ್ಷ್ಮಿ ನಾಲ್ವರಲ್ಲಿ ಒಬ್ಬಳಾಗುತ್ತಿದ್ದಳು; ನಾಲ್ಕೂ ಸರಳವಾಗಿದ್ದರೂ ಅಷ್ಟೆ. ಹೊರಗೆ ದೂರದಲ್ಲಿ ನಿಂತವನಿಗೂ ಗುಡಿಯೊಡತಿ ಯಾರೆಂಬುದನ್ನು ಶಿಖರವೇ ತಿಳಿಸುವಂತೆ ಮಾಡಿದ ಈ ತಾರತಮ್ಯವಿವೇಕಕ್ಕೆ ಸಮನಾದುದನ್ನು ನಾನು ಹಳೇಬೀಡಿನ ಆ ದೀರ್ಘವಾದ ಭಿತ್ತಿಗಳಲ್ಲಿ ಕಾಣಲಾರದೆ ಹೋಗಿದ್ದೇನೆ.

ವರ್ತಕನ ಕೈಯಲ್ಲಿ ಅರಸನ ಬೊಕ್ಕಸವಿರಲಿಲ್ಲ, ಆದುದರಿಂದ ಗೋಡೆಗಳು ಬರಿದಾಗಿ ಉಳಿದವು ಎಂದು ಕೆಲವರು ಸಮಾಧಾನ ಹೇಳುವುದುಂಟು. ಆದರೆ ಆತ ನಾಲ್ಕು ವಿಮಾನಗಳೊಡನೆ ಪ್ರಾಕಾರದ ನಾಲ್ಕು ಮೂಲೆಗಳಲ್ಲಿ ನಾಲ್ಕು ಕಿರುಗುಡಿಗಳನ್ನೂ, ಬೇರೆಯಾಗಿ ಭೈರವನ ಗುಡಿಯನ್ನೂ ನಿಲ್ಲಿಸಿದನು. ಒಟ್ಟು ಒಂಬತ್ತು ಶಿಖರಗಳು. ಇಷ್ಟನ್ನು ಎತ್ತಿದವನು ಭಿತ್ತಿಶಿಲ್ಪಕ್ಕೆ ಹಣವಿಲ್ಲದೆ ಕೈಕಟ್ಟಿ ಕುಳಿತನೆಂಬುದು ವಿಚಾರಸಹವಲ್ಲ. ಈ ತಪ್ಪೆಣಿಕೆಯ ಮೂಲ ಬೇರೆಲ್ಲಿಯೋ ಇದೆ. ಫರ್ಗ್ಯುಸನ್ ಮಹಾಶಯನು 1876ರ ತನ್ನ ಗ್ರಂಥದಲ್ಲಿ ಹಳೇಬೀಡನ್ನು ಗ್ರೀಸಿನ ಪಾರ್ಥೆನಾನಿನೊಡನೆ ಎದುರುಬದುರಾಗಿ ನಿಲ್ಲಿಸಿ ಕೊಂಡಾಡಿದಂದಿನಿಂದ, ಮೂರ್ತಿಗಳ ಸಮೃದ್ಧಿಯೇ ಹೊಯ್ಸಳ ಶಿಲ್ಪದ ಮಾನದಂಡವೆಂದು ನಮ್ಮವರೂ ಒಪ್ಪಿಕೊಂಡುಬಿಟ್ಟರು. ಕಟ್ಟಡವನ್ನು ಕಟ್ಟಡವಾಗಿ ನೋಡುವ ಅಭ್ಯಾಸವೇ ಅಲ್ಲಿಗೆ ತಪ್ಪಿತು.

ಗುಡಿಯಲ್ಲಿ ದೋಷಗಳಿಲ್ಲವೆಂದಲ್ಲ. ಹೊರಗೋಡೆಯ ಅರೆಗಂಬಗಳು ಕೆಲವೆಡೆ ನೀರಸವಾಗಿವೆ. ಜಗತಿಯಿಲ್ಲದ ಕಾರಣ ಕಟ್ಟಡಕ್ಕೆ ನೆಲದಿಂದ ಎದ್ದುನಿಲ್ಲುವ ಗಾಂಭೀರ್ಯ ಅಷ್ಟಾಗಿ ಒದಗಲಿಲ್ಲ. ಆದರೆ ಒಳಗೆ ಕಾಳಿಯ ಬಾಗಿಲಿನ ಇಕ್ಕೆಲದಲ್ಲಿ ಎಲುಬಿನ ಹಂದರವಾಗಿ ನಿಂತ ಆ ಎರಡು ಬೇತಾಳಗಳ ಮುಂದೆ ಇಂಥ ಆಕ್ಷೇಪಣೆಗಳು ಬಹುಕಾಲ ನಿಲ್ಲಲಾರವು. ಮೂರ್ತಿಗಳ ಸಂದಣಿಯಲ್ಲಿ ಅವು ಕಳೆದುಹೋಗುತ್ತಿದ್ದವು. ಇಲ್ಲಿ ಸುತ್ತಲಿನ ಬರಿಯ ಕಲ್ಲು ಅವುಗಳ ಭಯಾನಕತೆಯನ್ನು ಇಮ್ಮಡಿಸಿದೆ.

ಆರ್. ನರಸಿಂಹಾಚಾರ್ಯರು ಮೈಸೂರು ಪ್ರಾಕ್ತನ ಇಲಾಖೆಯ ಮಾಲೆಯಲ್ಲಿ 1919ರಲ್ಲಿ ಬೇಲೂರಿಗೊಂದು, ದೊಡ್ಡಗದ್ದವಳ್ಳಿಗೊಂದು ಪ್ರತ್ಯೇಕ ಪುಸ್ತಕವನ್ನು ಪ್ರಕಟಿಸಿದರು. ಆ ವಿದ್ವಾಂಸರು ಒಂದೇ ವರ್ಷದಲ್ಲಿ ಎರಡಕ್ಕೂ ಹಾಕಿಕೊಟ್ಟ ಸಮಾನಪಂಕ್ತಿಯನ್ನು ಮುರಿದವರು ಅವರ ಅನಂತರದವರು.