ಬೆಂಗಳೂರು ಘೋಷಣೆಯೂ ಕಡಲ ದಾರಿಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಿಂದ ಬರುವ ನಮ್ಮ ವಿದ್ಯಾರ್ಥಿಗಳು, ನೆರೆರಾಷ್ಟ್ರಗಳ ಸಹಕಾರವನ್ನು ಕುರಿತ ಪಾಠದ ನಡುವೆ, ಕಡಲ ಕಾವಲಿನ ಚರ್ಚೆ ನಮಗೇಕೆ ಎಂದು ಕೇಳುವುದುಂಟು. ಇಲ್ಲಿಯ ಕೊಬ್ಬರಿ ಉತ್ತರದ ರಾಜ್ಯಗಳಿಗೆ ನೆಲದ ಮೇಲೆಯೇ ಹೋಗುತ್ತದೆ, ಹಡಗಿನ ಗೊಡವೆಯಿಲ್ಲ. ಆದುದರಿಂದ ಪ್ರಶ್ನೆ ಸಹಜವಾದುದೇ. ರೈಲಿನಲ್ಲಿ ಕೆಲವೇ ಗಂಟೆಗಳ ದೂರದ ಬೆಂಗಳೂರಿನಲ್ಲಿ ಹುಟ್ಟಿದ ಒಂದು ದಾಖಲೆಯನ್ನು ಪರಿಶೀಲಿಸಿ ಇದಕ್ಕೆ ಉತ್ತರ ಹುಡುಕಲು ಯತ್ನಿಸುತ್ತೇವೆ.

1986ರ ನವೆಂಬರ್ 16, 17ರಂದು ಸಾರ್ಕ್ ಸಂಘದ ಏಳು ರಾಷ್ಟ್ರಗಳ ನಾಯಕರು ಅಲ್ಲಿ ಸೇರಿ ಹೊರಡಿಸಿದ ಘೋಷಣೆಯು ಭಯೋತ್ಪಾದನೆಯ ಸಕಲ ಕೃತ್ಯಗಳನ್ನೂ ಅಪರಾಧವೆಂದು ಖಂಡಿಸಿತು. ಅದನ್ನು ತಡೆಯಲು ಪರಸ್ಪರ ಸಹಕಾರ ಅತ್ಯಗತ್ಯವೆಂದಿತು. ಇದನ್ನು ಬರಿಯ ಉಪಚಾರವೆಂದು ತಳ್ಳಿಹಾಕುವವರ ಪಂಕ್ತಿಯಲ್ಲಿ ನಾವು ಕೂಡುವುದಿಲ್ಲ. ವರ್ಷ ತುಂಬುವುದರೊಳಗೆ, 1987ರ ನವೆಂಬರ್ 4ರಂದು, ಕಠ್ಮಂಡುವಿನಲ್ಲಿ ಒಡಂಬಡಿಕೆಗೆ ಸಹಿ ಬಿದ್ದಿತು. ಕೊಲೆ, ಅಪಹರಣ, ಸ್ಫೋಟ ಮೊದಲಾದುವನ್ನು ರಾಜಕೀಯ ಅಪರಾಧವೆಂಬ ನೆಪದಲ್ಲಿ ರಕ್ಷಿಸಕೂಡದು. ಸಿಕ್ಕವನನ್ನು ಒಪ್ಪಿಸಬೇಕು, ಇಲ್ಲವೆ ತಾವೇ ವಿಚಾರಣೆಗೆ ಗುರಿಪಡಿಸಬೇಕು. ದ್ವಿಪಕ್ಷೀಯ ವಿವಾದಗಳನ್ನು ಚರ್ಚಿಸಕೂಡದೆಂದು 1985ರ ಸನ್ನದಿನಲ್ಲೇ ಕಟ್ಟು ಹಾಕಿಕೊಂಡಿದ್ದ ಸಂಘಕ್ಕೆ ಇದು ಸಣ್ಣ ಸಾಧನೆಯಲ್ಲ.

ಆದರೆ ಅದರ ಏಳನೆಯ ವಿಧಿಯನ್ನು ನೋಡಬೇಕು. ಕೋರಿಕೆ ಸದ್ಭಾವದ್ದಲ್ಲವೆಂದೋ, ಒಪ್ಪಿಸುವುದು ಉಚಿತವಲ್ಲವೆಂದೋ ತೋರಿದರೆ ಆ ಬಾಧ್ಯತೆಯೇ ಇಲ್ಲ! ಮುಂಬಾಗಿಲಿಗೆ ಅಗುಳಿ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತಾಯಿತು.

ಇನ್ನೊಂದು ಕೊರತೆ ಅಷ್ಟಾಗಿ ಚರ್ಚೆಗೆ ಬಂದಂತಿಲ್ಲ. ವಿಮಾನಗಳ ರಕ್ಷಣೆಗೆ ಸಂಬಂಧಿಸಿದ 1970ರ ಹೇಗ್, 1971ರ ಮಾಂಟ್ರಿಯಲ್ ಒಪ್ಪಂದಗಳನ್ನು ಒಡಂಬಡಿಕೆ ಹೆಸರಿಸುತ್ತದೆ. ಹಡಗು, ದೋಣಿಗಳ ಮಾತೇ ಇಲ್ಲ. ಹಡಗುಗಳ ರಕ್ಷಣೆಯ ರೋಮ್ ಒಪ್ಪಂದ 1988ರಲ್ಲಿ ಬಂದುದರಿಂದ ಕರಡು ಬರೆದವರನ್ನು ಪೂರ್ತಿಯಾಗಿ ದೂರುವಂತಿಲ್ಲ. ಆದರೂ ಪಾಕ್ ಜಲಸಂಧಿಯಲ್ಲಿ ಆಯುಧಗಳೂ ಆಯುಧಧಾರಿಗಳೂ ದಾಟುತ್ತಿದ್ದ ಕಾಲದಲ್ಲಿ ಆಕಾಶವನ್ನು ಕಂಡವರು ನೀರನ್ನು ಕಾಣದೆ ಹೋದರು.

ಒಡಂಬಡಿಕೆ ಜಾರಿಗೆ ಬಂದುದು 1988ರ ಆಗಸ್ಟ್ 22ರಂದು. ಅದೇ ನವೆಂಬರ್ 3ರಂದು ಶ್ರೀಲಂಕೆಯ ಕಡೆಯಿಂದ ಸಮುದ್ರಮಾರ್ಗವಾಗಿ ಬಂದ ಬಾಡಿಗೆಯ ಬಂಟರು ಮಾಲ್ಡೀವ್ಸಿನ ರಾಜಧಾನಿಯ ಮೇಲೆ ಎರಗಿದರು. ಮೊರೆಗೆ ಓಗೊಟ್ಟುದು ಸಂಘವಲ್ಲ, ಭಾರತದ ಸೈನ್ಯ. ಒತ್ತೆಯಾಳುಗಳೊಡನೆ ಹಡಗಿನಲ್ಲಿ ಓಡುತ್ತಿದ್ದವರನ್ನು ಅಡ್ಡಗಟ್ಟಿದುವು ಗೋದಾವರಿ, ಬೇತ್ವಾ ಎಂಬ ಯುದ್ಧನೌಕೆಗಳು. ಬೆಂಗಳೂರಿನ ಸಭೆಗೆ ಆತಿಥೇಯರಾಗಿದ್ದ ರಾಜೀವ್ ಗಾಂಧಿಯವರು 1991ರ ಮೇ 21ರಂದು ಹತರಾದರು. ಹಂತಕರ ಮುಖಂಡ ಶಿವರಸನ್ ಆಗಸ್ಟಿನಲ್ಲಿ ಸಂಗಡಿಗರೊಡನೆ ಹೆಣವಾಗಿ ಸಿಕ್ಕಿದ್ದು ಅದೇ ಬೆಂಗಳೂರಿನ ಕೋಣನಕುಂಟೆಯಲ್ಲಿ. ಆತನ ತಂಡ ತಮಿಳುನಾಡಿನ ತೀರಕ್ಕೆ ಬಂದಿಳಿದುದು ದೋಣಿಯಲ್ಲಿ. ವಿದ್ಯಾರ್ಥಿಗಳ ಪ್ರಶ್ನೆಗೆ ಇದಕ್ಕಿಂತ ಸಮೀಪದ ಉತ್ತರ ನಮಗೆ ತಿಳಿಯದು.

ಭಾರತ, ಶ್ರೀಲಂಕಾ, ಮಾಲ್ಡೀವ್ಸುಗಳು 2011ರಲ್ಲಿ ಆರಂಭಿಸಿ, 2024ರಲ್ಲಿ ಸನ್ನದು ಪಡೆದ ಕೊಲಂಬೊ ಭದ್ರತಾ ಕೂಟವು ಕಡಲ ರಕ್ಷಣೆಯನ್ನೂ ಭಯೋತ್ಪಾದನಾ ನಿಗ್ರಹವನ್ನೂ ಜೊತೆಯಾಗಿ ಎತ್ತಿಕೊಂಡಿದೆ. ಹಳೆಯ ತಪ್ಪು ಅಷ್ಟರಮಟ್ಟಿಗೆ ತಿದ್ದಿತು. ಆದರೆ 2008ರಲ್ಲಿ ಮುಂಬಯಿಯ ಮೇಲೆ ಎರಗಿದವರು ಕಡಲೇರಿದ್ದು ಕರಾಚಿಯಿಂದ; ಪಾಕಿಸ್ತಾನ ಈ ಕೂಟದಲ್ಲಿಲ್ಲ. ಭಾರತ, ಪಾಕಿಸ್ತಾನಗಳೆರಡನ್ನೂ ಕಟ್ಟುವ ದಕ್ಷಿಣ ಏಷ್ಯದ ಒಡಂಬಡಿಕೆ ಕಠ್ಮಂಡುವಿನದೇ, ಮತ್ತು ಅದಕ್ಕೆ 2004ರಲ್ಲಿ ಸೇರಿದ ಪೂರಕ ಪತ್ರ. ಏಳನೆಯ ವಿಧಿ ಅದರಲ್ಲಿ ಇದ್ದ ಹಾಗೆಯೇ ಇದೆ.